ಅವರಿಗೆ ಮಕ್ಕಳಿಲ್ವಾ?

ಗೋಲ್ಡನ್ ಗರ್ಲ್ಸ್ ಅಂತ ಒಂದು ಹಳೇ ಅಮೆರಿಕನ್ ಕಾಮಿಡಿ ಸೀರಿಯಲ್ ಇದೆ, ಸಿಕ್ಕರೆ ನೋಡಿ ಅಂತ ನಾನು ಯಾರಿಗೇ ಹೇಳಿದರೂ ಮಾತು ಒಂದೇ ದಾರಿಯಲ್ಲಿ ಹೋಗುತ್ತದೆ. ಕಥೆ ಏನು ಅಂತ ಕೇಳುತ್ತಾರೆ. ನಾಲ್ಕು ಜನ ವಯಸ್ಸಾದ ಹೆಂಗಸರು ಮಯಾಮಿಯಲ್ಲಿ ಒಂದೇ ಮನೆಯಲ್ಲಿ ಇರುತ್ತಾರೆ, ಅಷ್ಟೇ ಕಥೆ ಅನ್ನುತ್ತೇನೆ. ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಪ್ರಶ್ನೆ ಬಂದಿರುತ್ತದೆ. "ಅಯ್ಯೋ ಪಾಪ, ಅವರಿಗೆ ಮಕ್ಕಳಿಲ್ವಾ?"

ಅಮ್ಮ ಕೇಳಿದ್ದಾರೆ. ಚಿಕ್ಕಮ್ಮ ಕೇಳಿದ್ದಾರೆ. ಇಲ್ಲಿ ನ್ಯೂಜೆರ್ಸಿಯಲ್ಲಿ ಯುಗಾದಿ ಊಟದ ಸಾಲಿನಲ್ಲಿ ಪಕ್ಕ ಕೂತವರು ಕೇಳಿದ್ದಾರೆ. ಊರಿಂದ ಬಂದ ಹಿರಿಯರು ಕೇಳಿದರೆ ಸರಿ, ಇಲ್ಲೇ ಇಪ್ಪತ್ತು ವರ್ಷದಿಂದ ಇದ್ದು ಮಕ್ಕಳನ್ನೆಲ್ಲ ಕಾಲೇಜಿಗೆ ಕಳಿಸಿ ಖಾಲಿ ಮನೆಯಲ್ಲಿ ಕೂತಿರುವ ನನ್ನ ವಯಸ್ಸಿನವರೂ ಅದನ್ನೇ ಕೇಳುತ್ತಾರೆ. ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ. ಒಂದೇ ಸಲ ಬರೆದಿಟ್ಟರೆ ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸಬಹುದು.

ಚಿಕ್ಕ ಉತ್ತರ: ಇದ್ದಾರೆ. ಬೇಕಾದಷ್ಟು ಜನ ಇದ್ದಾರೆ.

ಗೊತ್ತಿಲ್ಲದವರಿಗೆ ಮೊದಲು ಪರಿಚಯ. ಇದು ಎನ್‌ಬಿಸಿ ಚಾನೆಲ್ಲಿನಲ್ಲಿ 1985ರ ಸೆಪ್ಟೆಂಬರ್ 14ರಂದು ಶುರುವಾಗಿ 1992ರ ಮೇ 9ಕ್ಕೆ ಮುಗಿಯಿತು. ಏಳು ಸೀಸನ್, 180 ಎಪಿಸೋಡ್. ಶನಿವಾರ ರಾತ್ರಿ ಬರುತ್ತಿತ್ತು. ಸೃಷ್ಟಿಸಿದವರು ಸೂಸನ್ ಹ್ಯಾರಿಸ್. ಮನೆ ಬ್ಲಾಂಚ್‌ದು. ಅಟ್ಲಾಂಟಾ ಕಡೆಯ ಶ್ರೀಮಂತ ಮನೆತನದ ವಿಧವೆ, ಮ್ಯೂಸಿಯಂ ಒಂದರಲ್ಲಿ ಕೆಲಸ, ಗಂಡಸರೆಂದರೆ ಬಹಳ ಆಸಕ್ತಿ, ವಯಸ್ಸು ಹೇಳುವುದಿಲ್ಲ. ರೋಸ್ ಮಿನ್ನೆಸೋಟದ ಸೇಂಟ್ ಓಲಾಫ್ ಅನ್ನುವ ಕಾಲ್ಪನಿಕ ಹಳ್ಳಿಯವಳು, ಅವಳೂ ವಿಧವೆ, ಹೇಳಿದ್ದೆಲ್ಲ ನಂಬುವಂಥವಳು. ಡೊರೊಥಿ ಬ್ರೂಕ್ಲಿನ್‌ನವಳು, ಎತ್ತರದ ಆಳು, ದಪ್ಪ ದನಿ, ಬದಲಿ ಟೀಚರ್ ಕೆಲಸ. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಗಂಡ ಸ್ಟ್ಯಾನ್ ಒಬ್ಬ ಗಗನಸಖಿಯ ಹಿಂದೆ ಹೋದ. ನಾಲ್ಕನೆಯವಳು ಸೋಫಿಯಾ, ಡೊರೊಥಿಯ ತಾಯಿ, ಸಿಸಿಲಿಯಲ್ಲಿ ಹುಟ್ಟಿದವಳು, ಎಂಬತ್ತರ ಆಸುಪಾಸು. ಸ್ಟ್ರೋಕ್ ಆಗಿ, ಆಡುವ ಮೊದಲು ಯೋಚಿಸುವ ಮೆದುಳಿನ ಭಾಗವೇ ಹೋಗಿಬಿಟ್ಟಿದೆ ಅಂತ ಕಥೆಯಲ್ಲೇ ಹೇಳಿಬಿಡುತ್ತಾರೆ, ಅದಕ್ಕೇ ಆ ಅಜ್ಜಿ ಮನಸ್ಸಿಗೆ ಬಂದದ್ದನ್ನು ಮುಖದ ಮೇಲೆ ಹೊಡೆದ ಹಾಗೆ ಹೇಳುವುದು. (ನಮ್ಮ ಕಡೆ ಅಜ್ಜಿಯರಿಗೆ ಸ್ಟ್ರೋಕ್‌ನ ನೆಪ ಬೇಕಿಲ್ಲ. ಆ ಮಾತು ಬೇರೆ.)

ಈಗ ಮಕ್ಕಳ ಲೆಕ್ಕ. ರೋಸ್‌ಗೆ ಐದು. ಡೊರೊಥಿಗೆ ಎರಡು, ಮೈಕಲ್ ಮತ್ತು ಕೇಟ್. ಸೋಫಿಯಾಗೆ ಮೂರು: ಡೊರೊಥಿ, ಗ್ಲೋರಿಯಾ, ಫಿಲ್. ಬ್ಲಾಂಚ್‌ಗೆ ಎಷ್ಟು ಅನ್ನುವುದು ಬರೆದವರಿಗೂ ಸರಿಯಾಗಿ ಗೊತ್ತಿದ್ದಂತಿಲ್ಲ, ಒಂದು ಎಪಿಸೋಡಿನಲ್ಲಿ ಒಂದು ಲೆಕ್ಕ ಬರುತ್ತದೆ. ಹೆಣ್ಣುಮಕ್ಕಳಲ್ಲಿ ರೆಬೆಕಾ, ಜಾನೆಟ್ ಅಂತ ಇಬ್ಬರು ಬಂದು ಹೋಗುತ್ತಾರೆ, ಗಂಡುಮಕ್ಕಳ ಹೆಸರು ಆಗಾಗ ಕೇಳುತ್ತದೆ. ಒಟ್ಟು ಒಂದು ಡಜನ್‌ಗೆ ಮೋಸವಿಲ್ಲ.

"ಹಂಗಾದ್ರೆ ಮಕ್ಕಳ ಮನೇಲಿ ಇರೋದಕ್ಕೇನು?" ಇದು ಎರಡನೇ ಪ್ರಶ್ನೆ. ನಿಜವಾದ ಪ್ರಶ್ನೆಯೂ ಇದೇ. ಇದಕ್ಕೆ ಸುಲಭದ ಉತ್ತರ ಒಂದಿದೆ, ಅಮೆರಿಕದವರು ಹಾಗೇ ಕಣೇ, ಹದಿನೆಂಟಾದ ಮೇಲೆ ಅವರವರ ದಾರಿ ಅವರವರಿಗೆ ಅಂತ. ನಮ್ಮವರು ಆ ಉತ್ತರವನ್ನು ತಾವೇ ಹೇಳಿಕೊಂಡು ಸಮಾಧಾನವಾಗಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಯಾಕೆಂದರೆ ಈ ಸೀರಿಯಲ್ ಶುರುವಾಗುವುದೇ ಒಬ್ಬ ತಾಯಿ ಮಗಳ ಮನೆ ಬಾಗಿಲಿಗೆ ಬಂದು ನಿಲ್ಲುವುದರಿಂದ.

ಮೊದಲ ಎಪಿಸೋಡ್ ನೋಡಿ. ಆ ಹೊತ್ತಿಗೆ ಬ್ಲಾಂಚ್, ರೋಸ್, ಡೊರೊಥಿ ಮೂವರೇ ಇರುತ್ತಾರೆ, ಜೊತೆಗೆ ಕೋಕೋ ಅಂತ ಒಬ್ಬ ಅಡುಗೆಯವನು. (ಅವನು ಆ ಒಂದು ಎಪಿಸೋಡಿಗೇ ಮುಗಿದ.) ಬ್ಲಾಂಚ್ ಹ್ಯಾರಿ ಅನ್ನುವವನನ್ನು ಮದುವೆಯಾಗಲು ಹೊರಟಿರುತ್ತಾಳೆ. ರೋಸ್‌ಗೆ ಕೈಕಾಲು ಆಡುವುದಿಲ್ಲ. ಮದುವೆಯ ಸಡಗರಕ್ಕಲ್ಲ, ಮನೆಯವಳೇ ಮದುವೆಯಾದರೆ ಬಾಡಿಗೆಗಿರುವ ನಾವು ಎಲ್ಲಿಗೆ ಹೋಗುವುದು ಅನ್ನುವ ಭಯಕ್ಕೆ. ಈ ನಡುವೆ ಸೋಫಿಯಾ ಬರುತ್ತಾಳೆ. ಅವಳಿದ್ದ ಶೇಡಿ ಪೈನ್ಸ್ ಅನ್ನುವ ವೃದ್ಧಾಶ್ರಮ ಬೆಂಕಿ ಬಿದ್ದು ಹೋಗಿದೆ. ಅವಳನ್ನು ಅಲ್ಲಿ ಸೇರಿಸಿದ್ದವಳು ಮಗಳು ಡೊರೊಥಿಯೇ. ಹ್ಯಾರಿ ಬೇರೆ ಬೇರೆ ಕಡೆ ಹೆಂಡತಿಯರನ್ನು ಇಟ್ಟುಕೊಂಡ ಮೋಸಗಾರ ಅಂತ ಮದುವೆಯ ದಿನ ಪೊಲೀಸರು ಬಂದು ಹೇಳುತ್ತಾರೆ. ಬ್ಲಾಂಚ್ ಎಷ್ಟೋ ದಿನ ರೂಮಿನಿಂದ ಹೊರಗೆ ಬರುವುದಿಲ್ಲ. ಕೊನೆಗೆ ಒಂದು ದಿನ ಬಂದು, ಬೆಳಿಗ್ಗೆ ಎದ್ದಾಗ ಮತ್ತೆ ಖುಷಿ ಅನ್ನಿಸಿತು, ಅದು ನಿಮ್ಮಿಂದ, ನೀವೇ ನನ್ನ ಮನೆಯವರು ಅನ್ನುತ್ತಾಳೆ.

ಅರ್ಧ ಗಂಟೆಯಲ್ಲಿ ಇಷ್ಟು. ಗೆಳೆತನ, ಚೀಸ್‌ಕೇಕ್ ಎಲ್ಲ ಆಮೇಲಿನ ಮಾತು. ಮೊದಲನೇ ದಿನ ಆ ಮನೆಯಲ್ಲಿ ಎಲ್ಲರ ತಲೆಯಲ್ಲಿ ಇದ್ದದ್ದು ನಾಳೆ ಎಲ್ಲಿರುವುದು ಅನ್ನುವುದೊಂದೇ.

ಇನ್ನೊಂದು ವಿಷಯ ನಮ್ಮವರಿಗೆ ಹೇಳಿದರೆ ಆಶ್ಚರ್ಯಪಡುತ್ತಾರೆ. ಇವರು ಹಳೇ ಗೆಳತಿಯರಲ್ಲ. ಶಾಲೆ ಕಾಲೇಜಿನ ಪರಿಚಯವೂ ಇಲ್ಲ. ಬ್ಲಾಂಚ್ ರೂಮು ಬಾಡಿಗೆಗಿದೆ ಅಂತ ಸೂಪರ್‌ಮಾರ್ಕೆಟ್ಟಿನ ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ ಚೀಟಿಯ ನೆಪದಲ್ಲಿ ಸಿಕ್ಕವರು. ರೋಸ್‌ಳನ್ನು ಅವಳಿದ್ದ ಮನೆಯವರು ಬೆಕ್ಕು ಸಾಕಿದ್ದಕ್ಕೆ ಎಬ್ಬಿಸಿರುತ್ತಾರೆ. ಮೊದಲ ಸೀಸನ್ನಿನ ಕೊನೆಯ ಎಪಿಸೋಡಿನಲ್ಲಿ ಇದೆಲ್ಲ ಬರುತ್ತದೆ. ಅಂದರೆ ಪಿಜಿ ಹುಡುಕುವ ಹುಡುಗಿಯರ ಹಾಗೆ ಒಂದಾದವರು. ವಯಸ್ಸು ಮಾತ್ರ ಐವತ್ತರ ಮೇಲೆ.

ಯಾಕೆ ರೂಮು ಹುಡುಕಬೇಕಾಯಿತು? ದುಡ್ಡು. ಇದನ್ನು ಸೀರಿಯಲ್ಲು ಎಲ್ಲೂ ಮುಚ್ಚಿಡುವುದಿಲ್ಲ, ಆದರೂ ನೋಡಿದವರು ಅದನ್ನು ಮರೆತುಬಿಡುತ್ತಾರೆ. ಬದಲಿ ಟೀಚರ್‌ಗೆ ಕರೆದ ದಿನ ಮಾತ್ರ ಸಂಬಳ. ಸ್ಟ್ಯಾನ್ ಹೋಗುವಾಗ ದೊಡ್ಡ ಗಂಟೇನೂ ಬಿಟ್ಟು ಹೋಗಿಲ್ಲ. 1989ರ ಒಂದು ಎಪಿಸೋಡಿನಲ್ಲಿ ರೋಸ್‌ಳ ಗಂಡ ಕೆಲಸ ಮಾಡಿದ್ದ ಕಂಪನಿ ದಿವಾಳಿಯಾಗಿ ಅವಳಿಗೆ ಬರುತ್ತಿದ್ದ ಪಿಂಚಣಿ ನಿಂತುಹೋಗುತ್ತದೆ. ಅವಳು ಕೆಲಸ ಹುಡುಕಲು ಹೊರಡುತ್ತಾಳೆ, ಹೋದಲ್ಲೆಲ್ಲ ವಯಸ್ಸು ಅಡ್ಡ ಬರುತ್ತದೆ. ಕಾಮಿಡಿ ಸೀರಿಯಲ್ ಅಲ್ವಾ, ಕೊನೆಗೆ ಟಿವಿ ಸ್ಟೇಷನ್ನಿನಲ್ಲಿ ಒಂದು ಕೆಲಸ ಸಿಗುತ್ತದೆ. ಆದರೆ ಸಿಗುವ ಮೊದಲಿನ ಆ ಮುಖ ಇದೆಯಲ್ಲ, ರೋಸ್ ಆಗಿದ್ದ ಬೆಟ್ಟಿ ವೈಟ್ ಅಲ್ಲಿ ಏನೂ ನಗಿಸುವುದಿಲ್ಲ. ಅಷ್ಟು ಹೊತ್ತೂ ಪೆದ್ದಿ ಅಂತ ನಾವು ನಗುತ್ತಿದ್ದ ಹೆಂಗಸು ಕೈಯಲ್ಲಿ ದುಡ್ಡಿಲ್ಲದೆ ಕೂತಿರುತ್ತಾಳೆ.

ಐದು ಮಕ್ಕಳಿದ್ದಾರಲ್ಲ, ಒಬ್ಬರ ಹತ್ತಿರ ಕೇಳಬಾರದಾ? ಕೇಳಬಹುದು. ಕೇಳುವುದಕ್ಕೆ ಇಷ್ಟವಿಲ್ಲ. ಇದರಲ್ಲಿ ಅಮೆರಿಕದ್ದೇನಿದೆ ಹೇಳಿ. ಪಿಂಚಣಿ ಬರುವ ನಮ್ಮ ಅಮ್ಮಂದಿರು ಮಗನ ಮನೆಗೆ ಬಂದರೂ ತಮ್ಮ ಮಾತ್ರೆಗೆ ತಮ್ಮದೇ ದುಡ್ಡು ಅನ್ನುತ್ತಾರೆ. ಆ ಪಿಂಚಣಿ ನಿಂತ ದಿನ ಅವರು ಹೇಗೆ ಕೂರುತ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಸೋಫಿಯಾ ಕಥೆಗೆ ಬರೋಣ, ನನಗೆ ಜಾಸ್ತಿ ಹೇಳಬೇಕಿರುವುದು ಅಲ್ಲೇ. ನಾಲ್ವರಲ್ಲಿ ನಮ್ಮ ಲೆಕ್ಕದಲ್ಲಿ "ಸರಿಯಾಗಿ" ಇರುವವಳು ಇವಳೊಬ್ಬಳೇ, ಮಗಳ ಜೊತೆ ಇದ್ದಾಳೆ. ಆದರೆ ಹೇಗೆ ಇದ್ದಾಳೆ ನೋಡಿ. ಶೇಡಿ ಪೈನ್ಸ್‌ಗೆ ಸೇರಿಸಿದ್ದನ್ನು ಅವಳು ಒಂದು ದಿನವೂ ಮರೆಯುವುದಿಲ್ಲ, ಸಮಯ ಸಿಕ್ಕಾಗಲೆಲ್ಲ ಚುಚ್ಚುತ್ತಾಳೆ. ಅವಳ ಬಾಯಿ ಮಿತಿ ಮೀರಿದಾಗ ಡೊರೊಥಿ ಬಳಸುವ ಬ್ರಹ್ಮಾಸ್ತ್ರವೂ ಅದೇ: "ಶೇಡಿ ಪೈನ್ಸ್, ಮಾ. ಶೇಡಿ ಪೈನ್ಸ್." ಜನ ಬಿದ್ದು ಬಿದ್ದು ನಗುತ್ತಾರೆ. ನಾನೂ ನಕ್ಕಿದ್ದೇನೆ. ಈಗ, ನಮ್ಮಮ್ಮನ ವಯಸ್ಸು ಸೋಫಿಯಾ ವಯಸ್ಸಿಗೆ ಹತ್ತಿರವಾಗುತ್ತಿರುವಾಗ, ಆ ನಗು ಅರ್ಧಕ್ಕೇ ನಿಲ್ಲುತ್ತದೆ.

ಅವಳ ಕೈಚೀಲ ಗಮನಿಸಿದ್ದೀರಾ? ಬೆತ್ತದ ಪುಟ್ಟ ಬುಟ್ಟಿಯ ಥರದ್ದು. ಅದನ್ನು ಅವಳು ಕೆಳಗಿಡುವುದೇ ಇಲ್ಲ. ಅಂಗಡಿಗೆ ಹೋಗುವಾಗ ಸರಿ, ಮಲಗುವ ಕೋಣೆಯಿಂದ ಅಡುಗೆಮನೆಗೆ ಬರುವಾಗಲೂ ತೋಳಿನಲ್ಲಿ ನೇತಾಡುತ್ತಿರುತ್ತದೆ, ಕೆಲವು ಸಲ ನೈಟ್‌ಗೌನ್ ಮೇಲೂ. ಮೊದಮೊದಲು ತಮಾಷೆ ಅನ್ನಿಸುತ್ತದೆ. ಬೆಂಕಿ ಬಿದ್ದ ಆಶ್ರಮದಿಂದ ಬಂದವಳ ಹತ್ತಿರ ಉಳಿದದ್ದು ಏನು ಅಂತ ಯೋಚಿಸಿದರೆ ತಮಾಷೆ ಅಲ್ಲ. ಇರುವುದು ಮಗಳ ಜೊತೆ, ಆ ಮನೆ ಮಗಳದ್ದೂ ಅಲ್ಲ, ಬ್ಲಾಂಚ್‌ದು. ಅವಳದು ಅಂತ ಇರುವುದು ಆ ಚೀಲವೇ. ನಮ್ಮಮ್ಮ ಇಲ್ಲಿಗೆ ಬಂದಾಗ ಪಾಸ್‌ಪೋರ್ಟು, ಬ್ಯಾಂಕಿನ ಪಾಸ್‌ಬುಕ್ಕು, ಮಾತ್ರೆ ಚೀಟಿ, ನಾಲ್ಕು ಲವಂಗ ಎಲ್ಲ ಇರುವ ಒಂದು ಜಿಪ್ ಪರ್ಸನ್ನು ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಾರೆ. ಇಲ್ಲಿ ಯಾರಮ್ಮಾ ಕದಿಯೋದು ಅಂದರೆ, ಇರಲಿ ಬಿಡು ಅನ್ನುತ್ತಾರೆ.

ಒಂದು ಸ್ವಾರಸ್ಯ: ಸೋಫಿಯಾ ಪಾತ್ರ ಮಾಡಿದ ಎಸ್ಟೆಲ್ ಗೆಟ್ಟಿ ಹುಟ್ಟಿದ್ದು 1923ರ ಜುಲೈನಲ್ಲಿ. ಮಗಳ ಪಾತ್ರದ ಬೀ ಆರ್ಥರ್ 1922ರ ಮೇನಲ್ಲಿ. ತಾಯಿಗಿಂತ ಮಗಳು ಒಂದು ವರ್ಷದ ಮೇಲೆ ದೊಡ್ಡವಳು! ಬಿಳೀ ವಿಗ್ಗು, ಮುಖಕ್ಕೆ ಸುಕ್ಕಿನ ಮೇಕಪ್ಪು, ಆ ನಡಿಗೆ, ಇಷ್ಟರಲ್ಲೇ ಆಕೆ ಅಮ್ಮನಾಗಿಬಿಟ್ಟರು. ಗೆಟ್ಟಿಗೆ ಸ್ಟೇಜ್ ಭಯ ವಿಪರೀತ. ಎದುರಿಗೆ ಪ್ರೇಕ್ಷಕರನ್ನು ಕೂರಿಸಿಕೊಂಡು ಚಿತ್ರೀಕರಿಸುತ್ತಿದ್ದ ಸೀರಿಯಲ್ಲು ಅದು, ಮಾತು ನೆನಪಿಗೆ ಬರದೆ ಒದ್ದಾಡುತ್ತಿದ್ದರಂತೆ, ಸೆಟ್ಟಿನಲ್ಲಿ ಅಲ್ಲಲ್ಲಿ ಚೀಟಿ ಅಂಟಿಸಿಕೊಳ್ಳುತ್ತಿದ್ದರಂತೆ. ಪರದೆ ಮೇಲೆ ನೋಡಿದರೆ ಗೊತ್ತೇ ಆಗುವುದಿಲ್ಲ. ನಾಲ್ವರಿಗೂ ಎಮ್ಮಿ ಪ್ರಶಸ್ತಿ ಬಂತು: ವೈಟ್‌ಗೆ 1986ರಲ್ಲಿ, ಬ್ಲಾಂಚ್ ಆಗಿದ್ದ ರೂ ಮೆಕ್‌ಕ್ಲಾನಹನ್‌ಗೆ 1987ರಲ್ಲಿ, ಆರ್ಥರ್ ಮತ್ತು ಗೆಟ್ಟಿಗೆ 1988ರಲ್ಲಿ.

ಮಕ್ಕಳು ನೋಡಿಕೊಳ್ಳುವುದಿಲ್ಲ ಅನ್ನುವವರು 1985ರ ಒಂದು ಎಪಿಸೋಡ್ ನೋಡಬೇಕು. ಸೋಫಿಯಾಳ ಇನ್ನೊಬ್ಬ ಮಗಳು ಗ್ಲೋರಿಯಾ ಕ್ಯಾಲಿಫೋರ್ನಿಯಾದಿಂದ ಬರುತ್ತಾಳೆ. ದುಡ್ಡಿದೆ, ದೊಡ್ಡ ಮನೆ ಇದೆ. ಅಮ್ಮನನ್ನು ನಾನು ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾಳೆ. ಡೊರೊಥಿ ಬಿಡುವುದಿಲ್ಲ. ಅಕ್ಕ ತಂಗಿ ಜಗಳ ಶುರು. ನಮ್ಮಲ್ಲಿ ಈ ಜಗಳ ಸಾಮಾನ್ಯವಾಗಿ ಉಲ್ಟಾ ಇರುತ್ತದೆ, ನಿನ್ನ ಸರದಿ, ಹೋದ ಸಲ ನಾನೇ ಇಟ್ಟುಕೊಂಡಿದ್ದೆ ಅಂತ. ಇಲ್ಲಿ ಇಬ್ಬರಿಗೂ ಅಮ್ಮ ಬೇಕು. ಜಗಳದ ಬಿಸಿಯಲ್ಲಿ ಇಬ್ಬರೂ ಒಂದು ವಿಷಯ ಮರೆಯುತ್ತಾರೆ, ಅಮ್ಮನನ್ನು ಕೇಳುವುದು. ಕೊನೆಗೆ ಸೋಫಿಯಾ ಮಯಾಮಿಯಲ್ಲೇ ಉಳಿಯುತ್ತಾಳೆ, ದೊಡ್ಡ ಮನೆ ಬಿಟ್ಟು.

ಯಾಕೆ ಅಂತ ಆ ಎಪಿಸೋಡಿಗಿಂತ ಚೆನ್ನಾಗಿ ಹೇಳುವುದು 1988ರ ಇನ್ನೊಂದು. ಇದು ನನ್ನ ಅತಿ ಇಷ್ಟದ್ದು. ಹೊರಗೆ ಮಳೆ. ಮನೆಯಲ್ಲಿ ಮೂವರೂ ಇವತ್ತು ಅದು ಮಾಡಬೇಕು ಇದು ಮಾಡಬೇಕು ಅನ್ನುತ್ತಾ ತಿನ್ನುತ್ತಾ ಹರಟುತ್ತಾ ಕೂತೇ ಇರುತ್ತಾರೆ, ನಡುವೆ ಪಾಪ ಸೋಫಿಯಾಗೆ ಹೊತ್ತೇ ಹೋಗುವುದಿಲ್ಲ ಅಂತ ಕನಿಕರ ಬೇರೆ. ಸೋಫಿಯಾ ಬೆಳಿಗ್ಗೆಯೇ ಒಂದು ನೆಕ್ಟರಿನ್ ಹಣ್ಣು ತರುತ್ತೇನೆ ಅಂತ ಬಸ್ಸು ಹತ್ತಿರುತ್ತಾಳೆ. ಆ ದಿನವೆಲ್ಲ ಅವಳೇನು ಮಾಡಿದಳು ಅಂತ ನಮಗೆ ತೋರಿಸುತ್ತಾರೆ. ಅಂಗಡಿಯಲ್ಲಿ ಹಿರಿಯರ ಪರವಾಗಿ ವಾದ, ಬೋರ್ಡ್‌ವಾಕಿನಲ್ಲಿ ಮುದುಕರ ಬ್ಯಾಂಡಿನ ಮೇಳ, ಆಸ್ಪತ್ರೆಯಲ್ಲಿ ರೋಗಿಗಳ ಸೇವೆ. ಸಂಜೆ ವಾಪಸು ಬರುತ್ತಾಳೆ. ಇವತ್ತೇನು ಮಾಡಿದೆ ಅಂದರೆ, ನೆಕ್ಟರಿನ್ ತಂದೆ ಅನ್ನುತ್ತಾಳೆ. ಅಷ್ಟೇ.

ಬಾಣಂತನಕ್ಕೆ ಅಂತ ಇಲ್ಲಿಗೆ ಬರುವ ನಮ್ಮ ಅಮ್ಮಂದಿರು, ಅತ್ತೆಯಂದಿರು ನನಗೆ ಆಗ ನೆನಪಾಗುತ್ತಾರೆ. ಶಿವಮೊಗ್ಗದಲ್ಲಿ ಬೆಳಿಗ್ಗೆ ಆರಕ್ಕೆ ಹಾಲಿನವನಿಂದ ಶುರುವಾಗಿ, ಹೂವಿನವಳು, ಎದುರುಮನೆಯವರು, ಸಂಜೆ ಭಜನೆ ಅಂತ ದಿನಕ್ಕೆ ನಲವತ್ತು ಜನರ ಜೊತೆ ಮಾತಾಡುವವರು. ಇಲ್ಲಿ ಬಂದರೆ ಮಗ ಸೊಸೆ ಕೆಲಸಕ್ಕೆ, ಮಗು ಮಲಗಿದೆ, ಹೊರಗೆ ಹಿಮ, ಕಾರು ಓಡಿಸಲು ಬರದು, ಬಸ್ಸು ಇಲ್ಲ. ಮಗನ ಮನೆ ದೊಡ್ಡದು, ನಾಲ್ಕು ಬೆಡ್‌ರೂಮು. ನೆಕ್ಟರಿನ್ ಬೇಕಾದರೆ ಶನಿವಾರ ಕಾಸ್ಟ್‌ಕೋಗೆ ಹೋಗುವವರೆಗೆ ಕಾಯಬೇಕು, ಅದೂ ಡಬ್ಬಿಗಟ್ಟಲೆ ಬರುತ್ತದೆ. ಮಕ್ಕಳು ಕೆಟ್ಟವರಾ? ಅಲ್ಲ. ಪ್ರೀತಿ ಕಮ್ಮಿಯಾ? ಖಂಡಿತ ಇಲ್ಲ. ಆದರೂ ಐದನೇ ತಿಂಗಳಿಗೆ ಅವರು ಕ್ಯಾಲೆಂಡರ್ ನೋಡಲು ಶುರುಮಾಡುತ್ತಾರೆ.

ನಾನು ಈ ಸೀರಿಯಲ್ಲಿಗೆ ಬಿದ್ದದ್ದೂ ಅಂಥ ದಿನಗಳಲ್ಲೇ. ಗಂಡನ ಕೆಲಸದ ವೀಸಾ ಜೊತೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಬಂದವರು ಆಗ ಕೆಲಸ ಮಾಡುವಂತಿರಲಿಲ್ಲ. ಗಂಡ ಆಫೀಸಿಗೆ ಹೋದ ಮೇಲೆ ಲೈಫ್‌ಟೈಮ್ ಚಾನೆಲ್ಲಿನಲ್ಲಿ ಒಂದರ ಹಿಂದೆ ಒಂದು ಹಳೇ ಎಪಿಸೋಡ್ ಹಾಕುತ್ತಿದ್ದರು. ಮೊದಲು ಇಂಗ್ಲಿಷ್ ಕಿವಿಗೆ ಬೀಳಲಿ ಅಂತ ನೋಡಿದೆ. ಆಮೇಲೆ ಅಡುಗೆಮನೆ ಮೇಜಿಗಾಗಿ ನೋಡಿದೆ.

ಆ ಮೇಜಿನ ಬಗ್ಗೆ ಹೇಳಲೇಬೇಕು. ನಾಲ್ಕು ಜನರ ಮನೆ, ಆದರೆ ಅಡುಗೆಮನೆಯ ಮೇಜಿಗೆ ಸಾಮಾನ್ಯವಾಗಿ ಕಾಣುವುದು ಮೂರೇ ಕುರ್ಚಿ. ಕ್ಯಾಮೆರಾಕ್ಕೆ ಯಾರೂ ಬೆನ್ನು ಹಾಕಿ ಕೂರಬಾರದು ಅಂತ ಈ ಏರ್ಪಾಡು. ಹಾಗಾಗಿ ನಾಲ್ವರೂ ಇದ್ದರೆ ಒಬ್ಬರು ನಿಂತಿರುತ್ತಾರೆ, ಇಲ್ಲ ಸ್ಟೂಲು ಎಳೆದುಕೊಂಡಿರುತ್ತಾರೆ. ಮಧ್ಯರಾತ್ರಿ ಯಾರಿಗೋ ನಿದ್ದೆ ಬರುವುದಿಲ್ಲ, ಎದ್ದು ಬಂದು ದೀಪ ಹಾಕುತ್ತಾರೆ. ಇನ್ನೊಬ್ಬಳು ಬರುತ್ತಾಳೆ. ಫ್ರಿಜ್ಜಿನಿಂದ ಚೀಸ್‌ಕೇಕ್ ಹೊರಗೆ ಬರುತ್ತದೆ. ಆಮೇಲೆ ಗಂಡ ಸತ್ತದ್ದು, ಮುಟ್ಟು ನಿಂತದ್ದು, ಮಗಳು ಫೋನು ಮಾಡದ್ದು, ಸೇಂಟ್ ಓಲಾಫಿನ ತಲೆಬುಡವಿಲ್ಲದ ಕಥೆ, ಎಲ್ಲ ಒಂದೇ ಸಾಲಿನಲ್ಲಿ. ಬೀ ಆರ್ಥರ್‌ಗೆ ನಿಜ ಜೀವನದಲ್ಲಿ ಚೀಸ್‌ಕೇಕ್ ಸೇರುತ್ತಿರಲಿಲ್ಲವಂತೆ, ಪಾಪ.

ಮಕ್ಕಳ ಮನೆಯಲ್ಲಿ ಇದು ಆಗುವುದಿಲ್ಲ ನೋಡಿ. ಅಮ್ಮ ನಮ್ಮ ಮನೆಗೆ ಬಂದಾಗ ರಾತ್ರಿ ನೀರು ಕುಡಿಯಲು ಎದ್ದರೆ ಅಡುಗೆಮನೆಯ ದೀಪ ಹಾಕುವುದಿಲ್ಲ. ಗೋಡೆ ಹಿಡಿದುಕೊಂಡು ಹೋಗಿ, ನಲ್ಲಿ ಸಣ್ಣಗೆ ಬಿಟ್ಟು, ಲೋಟದ ಸದ್ದಾಗದ ಹಾಗೆ ಇಟ್ಟು ಬರುತ್ತಾರೆ. ನಿಮಗೆ ಬೆಳಿಗ್ಗೆ ಆಫೀಸಿದೆ, ಎಚ್ಚರ ಆಗ್ಬಿಡುತ್ತೆ ಅನ್ನುತ್ತಾರೆ. ಹಾಕಮ್ಮಾ ಅಂತ ಎಷ್ಟು ಹೇಳಿದರೂ ಅಷ್ಟೇ. ಶಿವಮೊಗ್ಗದ ಮನೆಯಲ್ಲಿ ಅದೇ ಅಮ್ಮ ರಾತ್ರಿ ಎರಡಕ್ಕೂ ದೀಪ ಹಾಕಿ ಕಾಫಿ ಮಾಡಿಕೊಂಡು ಕೂರುವವರು.

ಹಾಗಂತ ಇದೆಲ್ಲ ಬರೀ ಚೆಂದ ಅಂತ ತಿಳಿಯಬೇಡಿ. ಹಿಡಿಸದ್ದೂ ಇದೆ. ರೆಬೆಕಾ ದಪ್ಪಗಾಗಿ ಬಂದ ಎಪಿಸೋಡಿನಲ್ಲಿ ಆ ಹುಡುಗಿಯ ಮೈ ಬಗ್ಗೆ ಮಾಡುವ ಜೋಕುಗಳು ಈಗ ನೋಡಿದರೆ ಕಸಿವಿಸಿ. ಬ್ಲಾಂಚ್‌ಳ ಗಂಡಸರ ಬಗ್ಗೆ ಒಂದೇ ನಗೆಹನಿಯನ್ನು ಏಳು ವರ್ಷ ತಿರುಗಿಸಿದ್ದಾರೆ. ಸೇಂಟ್ ಓಲಾಫ್ ಕಥೆ ಕೆಲವು ಸಲ ಎಷ್ಟು ಉದ್ದ ಅಂದರೆ ಡೊರೊಥಿಗಿಂತ ಮೊದಲು ನಾನೇ ಸಾಕು ಮಾಡೇ ಅಂದಿದ್ದೇನೆ. ಇನ್ನು ಅಮ್ಮನಿಗೆ ಹಿಂದೆ ಕೇಳುವ ಜನರ ನಗುವೇ ದೊಡ್ಡ ಕಿರಿಕಿರಿ. ಅವರು ನಗೋಕೆ ಮುಂಚೆ ನಾವು ನಗಬಾರದಾ ಅನ್ನುತ್ತಾರೆ.

ಬ್ಲಾಂಚ್ ಅಂದ ಮೇಲೆ ಇನ್ನೊಂದು ಮಾತು. ನಾಲ್ವರಲ್ಲಿ ತನ್ನ ತಾಯ್ತನದ ಬಗ್ಗೆ ನೇರವಾಗಿ ಮಾತಾಡುವವಳು ಅವಳೇ. ಮಕ್ಕಳು ಚಿಕ್ಕವರಿದ್ದಾಗ ಆಯಾಗಳ ಕೈಗೆ ಕೊಟ್ಟು ತಿರುಗಾಡಿದೆ, ಈಗ ಅವರು ಹತ್ತಿರ ಬರುವುದಿಲ್ಲ ಅನ್ನುವುದು ಅವಳಿಗೆ ಗೊತ್ತು. ಮೊಮ್ಮಗ ಡೇವಿಡ್ ಬಂದು ಇದ್ದಾಗ ಮಗಳಿಗೆ ಕೊಡದ ಸಮಯವನ್ನು ಅವನಿಗೆ ಕೊಡಲು ನೋಡುತ್ತಾಳೆ. ನಮ್ಮ ಸೀರಿಯಲ್ಲುಗಳಲ್ಲಿ ಅಮ್ಮ ಅಂದರೆ ಒಂದೋ ದೇವಿ, ಇಲ್ಲ ಸೊಸೆಯ ಕಾಫಿಗೆ ವಿಷ ಹಾಕುವವಳು. ನಾನು ಅಷ್ಟೇನೂ ಒಳ್ಳೆ ಅಮ್ಮ ಆಗಿರಲಿಲ್ಲ ಅಂತ ಹೇಳಿ, ಆಮೇಲೂ ಲಿಪ್‌ಸ್ಟಿಕ್ ಹಚ್ಚಿಕೊಂಡು ಡೇಟಿಗೆ ಹೋಗುವ ಅಜ್ಜಿಯನ್ನು ನಾನಂತೂ ಬೇರೆ ಕಡೆ ನೋಡಿಲ್ಲ.

ಇಷ್ಟು ಹೇಳಿದ ಮೇಲೆ ಮೂರನೇ ಪ್ರಶ್ನೆ ಬರುತ್ತದೆ, ಸ್ವಲ್ಪ ದನಿ ತಗ್ಗಿಸಿ. "ಎಲ್ಲ ಸರಿ, ಹಾಸಿಗೆ ಹಿಡಿದ್ರೆ ನೋಡ್ಕೊಳ್ಳೋರು ಯಾರು?"

ಒಳ್ಳೆಯ ಪ್ರಶ್ನೆ. ಸೀರಿಯಲ್ಲು ಇದರಿಂದ ತಪ್ಪಿಸಿಕೊಂಡು ಓಡುವುದಿಲ್ಲ. ಸೋಫಿಯಾಳ ಗೆಳತಿ ಲಿಲಿಯನ್ ಒಂದು ಕೆಟ್ಟ ವೃದ್ಧಾಶ್ರಮದಲ್ಲಿ ಸಿಕ್ಕಿಬಿದ್ದಿರುತ್ತಾಳೆ. ಅವಳನ್ನು ಮನೆಗೆ ಕರೆತಂದುಬಿಡುತ್ತಾರೆ. ಸಿನಿಮಾ ಆಗಿದ್ದರೆ ಅಲ್ಲಿಗೆ ಶುಭಂ. ಇಲ್ಲಿ ಕರೆತಂದ ಮೇಲೆ ಗೊತ್ತಾಗುತ್ತದೆ, ಲಿಲಿಯನ್‌ಗೆ ಮರೆವಿನ ಕಾಯಿಲೆ, ಇವರ ಕೈಯಲ್ಲಿ ಆಗುವುದಿಲ್ಲ. ಪ್ರೀತಿ ಇದ್ದರೂ ಆಗುವುದಿಲ್ಲ. ಒಳ್ಳೆಯ ಆಶ್ರಮಕ್ಕೆ ದುಡ್ಡು ಬೇಕು, ಅದನ್ನು ಹೊಂದಿಸುವುದೇ ಆಗುತ್ತದೆ ಕೊನೆಗೆ. ಆಮೇಲೆ ನಾಲ್ವರೂ ಕೂತು ಮುಂದೆ ನಮ್ಮ ಗತಿ ಏನು ಅಂತ ಮಾತಾಡುತ್ತಾರೆ. ನಾವು ಒಬ್ಬರನ್ನೊಬ್ಬರು ನೋಡಿಕೊಳ್ಳೋಣ ಅನ್ನುತ್ತಾರೆ. ರೋಸ್ ಕೇಳುತ್ತಾಳೆ, ಕೊನೆಗೆ ಒಬ್ಬಳೇ ಉಳಿದರೆ? ಯಾರಿಗೂ ಉತ್ತರ ಹೊಳೆಯುವುದಿಲ್ಲ. ಎಲ್ಲರಿಗಿಂತ ದೊಡ್ಡವಳಾದ ಸೋಫಿಯಾ ಅನ್ನುತ್ತಾಳೆ: ಚಿಂತೆ ಮಾಡಬೇಡಿ, ನನ್ನನ್ನು ನಾನು ನೋಡಿಕೊಳ್ಳುತ್ತೇನೆ.

ಈ ಜೋಕನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವರು ಮೊದಲು ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಜೋರಾಗಿ ನಕ್ಕರು.

ಏಳನೇ ಸೀಸನ್ನಿನಲ್ಲಿ ಇದರ ಇನ್ನೊಂದು ಮುಖ ಬರುತ್ತದೆ. ರೋಸ್‌ಗೆ ಹೃದಯಾಘಾತ. ಉಳಿದವರು ಆಸ್ಪತ್ರೆಗೆ ಓಡುತ್ತಾರೆ. ಒಳಗೆ ಬಿಡುವುದಿಲ್ಲ, ಮನೆಯವರಿಗೆ ಮಾತ್ರ ಅನ್ನುತ್ತಾರೆ. ಏಳು ವರ್ಷ ಒಂದೇ ಮನೆಯಲ್ಲಿ ಇದ್ದವರು ಕಾರಿಡಾರಿನಲ್ಲಿ ನಿಂತಿರುತ್ತಾರೆ. ನಮ್ಮೂರ ಆಸ್ಪತ್ರೆಗಳಲ್ಲೂ ಬಾಗಿಲಲ್ಲಿ ಇದೇ ಪ್ರಶ್ನೆ ಅಲ್ವಾ, ನೀವು ಪೇಶೆಂಟ್‌ಗೆ ಏನಾಗಬೇಕು ಅಂತ. ಪಕ್ಕದ ಮನೆ ಸರೋಜಮ್ಮ ಅಂದರೆ ನಡೆಯುವುದಿಲ್ಲ. ತಂಗಿ ಅಂತ ಸುಳ್ಳು ಹೇಳಬೇಕು. ರೋಸ್‌ಳ ಮಗಳು ಕರ್ಸ್ಟನ್ ಬಂದಾಗ ಅವಳಿಗೂ ಇವರ ಮೇಲೆ ಸಿಟ್ಟೇ. ಮಕ್ಕಳ ಕಡೆಯಿಂದ ನೋಡಿದರೆ ಅದೂ ಸಹಜ, ನಮ್ಮಮ್ಮನ ವಿಷಯದಲ್ಲಿ ಇವರ್‍ಯಾರು ಅಂತ ಅನ್ನಿಸುತ್ತದೆ. ಆದರೆ ಅಮ್ಮ ಯಾವ ಮಾತ್ರೆ ತಿನ್ನುತ್ತಾಳೆ, ರಾತ್ರಿ ಎಷ್ಟು ಹೊತ್ತಿಗೆ ಏಳುತ್ತಾಳೆ, ಯಾವ ಕಥೆ ಎಷ್ಟನೇ ಸಲ ಹೇಳುತ್ತಾಳೆ ಅಂತ ಗೊತ್ತಿರುವುದು ಇವರಿಗೇ.

ನಮ್ಮಲ್ಲಿ ಮಕ್ಕಳು ನೋಡಿಕೊಳ್ಳುತ್ತಾರೆ ಅಂತ ಎದೆ ತಟ್ಟಿ ಹೇಳುವವರಿಗೆ ಒಂದು ಮಾತು. ಹೆತ್ತವರನ್ನು ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೊಡಿಸಲು ನಮ್ಮ ದೇಶದಲ್ಲಿ 2007ರಲ್ಲಿ ಕಾನೂನೇ ಬಂದಿದೆ. ಸುಮ್ನೆ ಬರಲಿಲ್ಲ ತಾನೇ. ನಾನು ನಮ್ಮ ಪದ್ಧತಿ ಕೆಟ್ಟದ್ದು, ಅವರದ್ದು ಒಳ್ಳೆಯದು ಅನ್ನುತ್ತಿಲ್ಲ. ಅಲ್ಲೂ ಶೇಡಿ ಪೈನ್ಸ್ ಇತ್ತು, ಮಗಳೇ ಸೇರಿಸಿದ್ದಳು. ನಾನು ಹೇಳುವುದು ಇಷ್ಟು: ಮಕ್ಕಳಿಲ್ವಾ ಅಂತ ಕೇಳುವಾಗ ನಾವು ಅಂದುಕೊಂಡಿರುತ್ತೇವೆ, ಮಕ್ಕಳಿದ್ದರೆ ಬೇರೆ ಯಾರೂ ಬೇಕಾಗುವುದಿಲ್ಲ ಅಂತ. ಈ ನಾಲ್ವರಿಗೂ ಮಕ್ಕಳು ಬೇಕು. ತಾಯಂದಿರ ದಿನದ ಒಂದು ಎಪಿಸೋಡಿನಲ್ಲಿ ಮಕ್ಕಳ ಫೋನಿಗೆ ಕಾಯುತ್ತಾ, ಹೊರಗೆ ಊಟಕ್ಕೆ ಹೊರಟವರು ಹೊರಡದೆ ಕೂತಿರುತ್ತಾರೆ. ಫೋನಿನ ಪಕ್ಕ ಕಾಯುವುದೂ ಇದೆ, ಕಾಯುವಾಗ ಪಕ್ಕದಲ್ಲಿ ಮೂವರು ಇರುವುದೂ ಇದೆ.

ಕೊನೆಯ ಎಪಿಸೋಡ್ ಹೇಳಿಬಿಡುತ್ತೇನೆ, ಮೂವತ್ತು ವರ್ಷದ ಮೇಲಾಯಿತು, ಕಥೆ ಹೇಳಿಬಿಟ್ಟೆ ಅಂತ ಯಾರೂ ಬೈಯಬೇಡಿ. ಡೊರೊಥಿ ಬ್ಲಾಂಚ್‌ಳ ಚಿಕ್ಕಪ್ಪ ಲೂಕಸ್‌ನನ್ನು ಮದುವೆಯಾಗುತ್ತಾಳೆ. ಲೂಕಸ್ ಆಗಿ ಬಂದವರು ಲೆಸ್ಲಿ ನೀಲ್ಸನ್. ಅವಳು ಅಟ್ಲಾಂಟಾಕ್ಕೆ ಹೊರಡುತ್ತಾಳೆ. ಅಮ್ಮನನ್ನೂ ಕರೆದುಕೊಂಡು ಹೋಗುವುದು ಅಂತಲೇ ಮಾತು. ಸೋಫಿಯಾ ಬರುವುದಿಲ್ಲ ಅನ್ನುತ್ತಾಳೆ. ಇಲ್ಲೇ ಇರುತ್ತೇನೆ, ರೋಸ್ ಮತ್ತು ಬ್ಲಾಂಚ್ ಜೊತೆ. ಮೊದಲನೇ ಎಪಿಸೋಡಿನಲ್ಲಿ ಮಗಳು ಇದ್ದಾಳೆ ಅನ್ನುವ ಒಂದೇ ಕಾರಣಕ್ಕೆ ಆ ಮನೆಗೆ ಬಂದ ಅಜ್ಜಿ, ಮ‌ಗಳು ಹೋದ ಮೇಲೂ ಅಲ್ಲೇ ಉಳಿಯುತ್ತಾಳೆ. ಡೊರೊಥಿ ಅಪ್ಪಿಕೊಂಡು ಅತ್ತು ಹೊರಗೆ ಹೋಗುತ್ತಾಳೆ, ಮತ್ತೆ ಓಡಿ ಬಂದು ಅಪ್ಪಿಕೊಳ್ಳುತ್ತಾಳೆ, ಮತ್ತೆ ಹೋಗುತ್ತಾಳೆ, ಇನ್ನೊಂದು ಬಾಗಿಲಿಂದ ಮತ್ತೆ ಬರುತ್ತಾಳೆ. ನಮ್ಮ ಕಡೆ ಹೆಣ್ಣು ಒಪ್ಪಿಸುವ ಶಾಸ್ತ್ರದಲ್ಲಿ ಅಳುವ ಹಾಗೆ ಅಳುತ್ತಾರೆ ನಾಲ್ವರೂ. ಅಲ್ಲಿ ಮಗಳನ್ನು ಕಳಿಸುವವರಲ್ಲಿ ತಾಯಿ ಒಬ್ಬಳೇ, ಉಳಿದಿಬ್ಬರು ಸೂಪರ್‌ಮಾರ್ಕೆಟ್ಟಿನ ಚೀಟಿಯಿಂದ ಸಿಕ್ಕವರು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ. ಉಳಿದ ಮೂವರೂ ಮನೆ ಮಾರಿ ಹೋಟೆಲ್ ನಡೆಸುವ ಗೋಲ್ಡನ್ ಪ್ಯಾಲೇಸ್ ಅಂತ ಇನ್ನೊಂದು ಸೀರಿಯಲ್ ಸಿಬಿಎಸ್ ಚಾನೆಲ್ಲಿನಲ್ಲಿ ಬಂತು, ಒಂದೇ ಸೀಸನ್ನಿಗೆ ಮುಚ್ಚಿತು. ಬೀ ಆರ್ಥರ್ ಇಲ್ಲದೆ ಅದು ಉಪ್ಪಿಲ್ಲದ ಸಾರು. ಆಮೇಲೆ ಎಸ್ಟೆಲ್ ಗೆಟ್ಟಿ ಎಂಪ್ಟಿ ನೆಸ್ಟ್ ಅನ್ನುವ ಬೇರೆ ಸೀರಿಯಲ್ಲಿನಲ್ಲಿ ಸೋಫಿಯಾ ಆಗಿಯೇ ಮುಂದುವರಿದರು. ಅದರಲ್ಲಿ ಸೋಫಿಯಾ ಎಲ್ಲಿದ್ದಾಳೆ ಗೊತ್ತಾ? ಶೇಡಿ ಪೈನ್ಸ್‌ನಲ್ಲಿ! ಏಳು ವರ್ಷ ಬೈದ ಜಾಗಕ್ಕೇ ವಾಪಸು ಕಳಿಸಿದರು. ಇದನ್ನು ಬರೆದವರ ಮೇಲೆ ನನಗೆ ಇವತ್ತಿಗೂ ಕೋಪ. ನನ್ನ ಮಟ್ಟಿಗೆ ಅದು ಆಗಿಯೇ ಇಲ್ಲ.

ನೋಡುವುದಾದರೆ ಮೊದಲಿನಿಂದ ಶುರುಮಾಡಬೇಕಿಲ್ಲ. ಮಳೆಯ ದಿನದ ನೆಕ್ಟರಿನ್ ಎಪಿಸೋಡಿನಿಂದ ಶುರುಮಾಡಿ, ಅದು ಮೂರನೇ ಇಲ್ಲ ನಾಲ್ಕನೇ ಸೀಸನ್ನಿನ ಸುಮಾರಿಗೆ ಸಿಗುತ್ತದೆ, ಹೆಸರಿನಲ್ಲೇ ಸೋಫಿಯಾ ಪೆಟ್ರಿಲ್ಲೊ ಅಂತ ಇದೆ. ಆಮೇಲೆ ಅಕ್ಕ ತಂಗಿ ಜಗಳದ್ದು, ಆಮೇಲೆ ಲಿಲಿಯನ್‌ದು. ಅಮ್ಮನ ಜೊತೆ ನೋಡುವುದಾದರೆ ಬ್ಲಾಂಚ್ ಬಾಯಿ ತೆರೆದಾಗಲೆಲ್ಲ ಅನುವಾದ ಮಾಡಲು ಹೋಗಬೇಡಿ, ಅವರಿಗೆ ಹೇಗೂ ಅರ್ಥ ಆಗಿರುತ್ತದೆ.